ಹೆಲೆನ್ ಅಲಿಂಗ್‌ಹ್ಯಾಮ್: ಪತ್ರಿಕೆಯ ಮರದಚ್ಚಿನಿಂದ ಸರ್ರೆಯ ಮನೆಗಳವರೆಗೆ

ಪ್ರಶ್ನೆ: ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೊಂದು ಬಣ್ಣದ ಬಿಡಿ ಹಾಳೆ ಸಿಕ್ಕಿದೆ. ಹುಲ್ಲು ಹೊದಿಸಿದ ಇಂಗ್ಲಿಷ್ ಹಳ್ಳಿಮನೆ, ಅಂಗಳದ ತುಂಬ ಹೂವು, ಬೇಲಿಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡ ಹೆಂಗಸು. ಮೂಲೆಯಲ್ಲಿ ಎಚ್. ಅಲಿಂಗ್‌ಹ್ಯಾಮ್ ಎಂಬ ರುಜು ಇದೆ. ಈತ ವಿಕ್ಟೋರಿಯಾ ಕಾಲದ ಪತ್ರಿಕಾ ಚಿತ್ರಕಾರ ಎಂದು ಒಬ್ಬರು ಹೇಳಿದರು. ಬರೀ ಕ್ಯಾಲೆಂಡರ್ ಚಿತ್ರ, ಬೆಲೆಯಿಲ್ಲ ಎಂದರು ಇನ್ನೊಬ್ಬರು. ಯಾರಿವರು? ಇಂಥ ಮನೆಗಳು ನಿಜಕ್ಕೂ ಇದ್ದವೇ? ನನ್ನ ಬಳಿ ಇರುವುದು ಅಸಲಿ ಚಿತ್ರವೇ?

ಉತ್ತರ: ಮೊದಲಿಗೆ, ಈತ ಅಲ್ಲ, ಈಕೆ. ಎಚ್. ಅಂದರೆ ಹೆಲೆನ್. 1848ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಸ್ವಾಡ್ಲಿಂಕೋಟ್ ಎಂಬಲ್ಲಿ ಹುಟ್ಟಿದರು, 1926ರಲ್ಲಿ ತೀರಿಕೊಂಡರು. ಪತ್ರಿಕಾ ಚಿತ್ರಕಾರ್ತಿ ಎಂಬ ಮಾತು ನಿಜ. ಕ್ಯಾಲೆಂಡರ್ ಚಿತ್ರ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪತ್ರಿಕೆಗೆ ದುಡಿದ ಆ ಕೆಲವು ವರ್ಷಗಳನ್ನು ಬಿಟ್ಟು ಬರೀ ಹೂವಿನ ಅಂಗಳವನ್ನು ನೋಡುವವರಿಗೆ ಹಾಗೆ ಅನ್ನಿಸುತ್ತದೆ. ಆ ಮನೆಗಳನ್ನು ಆಕೆ ಕಂಡದ್ದು ವರದಿಗಾರ್ತಿಯ ಕಣ್ಣಿನಿಂದ. ಅದು ಅರ್ಥವಾಗಬೇಕಾದರೆ ಕಥೆಯನ್ನು ಅವರ ಬಾಲ್ಯದಿಂದಲೇ ಹೇಳಬೇಕು.

ಹೆಲೆನ್‌ರ ಹುಟ್ಟುಹೆಸರು ಹೆಲೆನ್ ಪ್ಯಾಟರ್ಸನ್. ಏಳು ಮಕ್ಕಳಲ್ಲಿ ಹಿರಿಯವರು. ತಂದೆ ವೈದ್ಯರು. 1862ರಲ್ಲಿ ಡಿಫ್ತೀರಿಯಾ ಎಂಬ ಗಂಟಲಿನ ಸೋಂಕುರೋಗ ಹರಡಿದಾಗ ರೋಗಿಗಳ ಶುಶ್ರೂಷೆಗೆ ಹೋಗುತ್ತಿದ್ದ ಅವರು ಅದೇ ರೋಗಕ್ಕೆ ಬಲಿಯಾದರು. ಒಬ್ಬ ಪುಟ್ಟ ತಂಗಿಯೂ ಹೋದಳು. ಆಗ ಹೆಲೆನ್‌ಗೆ 13 ವರ್ಷ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮಿನ ನೆಂಟರ ಆಸರೆಗೆ ಬಂದರು. ಅಲ್ಲಿನ ಕಲಾಶಾಲೆಯಲ್ಲಿ ಹುಡುಗಿಯ ಓದು ಶುರುವಾಯಿತು. ಹಿರಿ ಮಗಳು ಬೇಗ ಸಂಪಾದನೆಗೆ ನಿಲ್ಲಬೇಕು ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಾಗಿರಲಿಕ್ಕಿಲ್ಲ.

ತಾಯಿಯ ತಂಗಿ ಲಾರಾ ಹರ್‌ಫರ್ಡ್ ಅವರ ವಿಚಾರ ಇಲ್ಲಿ ಬರಬೇಕು. ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾಶಾಲೆಯಲ್ಲಿ ಆವರೆಗೆ ಹೆಂಗಸರಿಗೆ ಜಾಗವಿರಲಿಲ್ಲ. 1860ರಲ್ಲಿ ಲಾರಾ ತಮ್ಮ ರೇಖಾಚಿತ್ರಗಳನ್ನು ಎಲ್. ಹರ್‌ಫರ್ಡ್ ಎಂದಷ್ಟೇ ರುಜು ಹಾಕಿ ಕಳಿಸಿದರು. ಆಯ್ಕೆಯಾಯಿತು. ಬಂದವರು ಹೆಂಗಸು ಎಂದು ಗೊತ್ತಾದ ಮೇಲೆ ನಿಯಮಾವಳಿ ತೆಗೆದು ನೋಡಿದರೆ, ಹೆಂಗಸರನ್ನು ಸೇರಿಸಬಾರದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ! ಚಿಕ್ಕಮ್ಮ ಹೀಗೆ ತೆರೆಸಿದ ಬಾಗಿಲಿನಿಂದ 1867ರಲ್ಲಿ ಅಕ್ಕನ ಮಗಳೂ ಒಳಗೆ ಹೋದಳು. ಒಳಗೆ ಹೋದರೂ ಎಲ್ಲವೂ ಸಿಗುತ್ತಿರಲಿಲ್ಲ. ನಗ್ನ ಮಾದರಿಯನ್ನು ನೋಡಿ ಬರೆಯುವ ತರಗತಿ ಹೆಂಗಸರಿಗೆ ಮುಂದೆಯೂ ಬಹುಕಾಲ ಮುಚ್ಚಿಯೇ ಇತ್ತು. ದೊಡ್ಡ ತೈಲಚಿತ್ರ, ಪುರಾಣ, ಯುದ್ಧ ಇವೆಲ್ಲಕ್ಕೂ ಆ ಅಭ್ಯಾಸವೇ ತಳಪಾಯ. ಆ ಕಾಲದ ಎಷ್ಟೋ ಕಲಾವಿದೆಯರು ಜಲವರ್ಣಕ್ಕೆ, ಮಕ್ಕಳ ಪುಸ್ತಕಕ್ಕೆ, ಹೂವಿಗೆ ಒಲಿದದ್ದು ಮೃದು ಸ್ವಭಾವದಿಂದ ಎನ್ನುವವರು ಈ ಮುಚ್ಚಿದ ಬಾಗಿಲನ್ನು ಮರೆಯುತ್ತಾರೆ.

ಹೆಲೆನ್ ಓದು ಮುಗಿಯುವವರೆಗೆ ಕಾಯಲಿಲ್ಲ. ಚಿತ್ರಗಳ ಕಟ್ಟು ಹಿಡಿದು ಲಂಡನ್ನಿನ ಕೆತ್ತನೆಗಾರರ ಬಳಿಗೆ ಹೋದರು. ಜೋಸೆಫ್ ಸ್ವೇನ್ ಎಂಬ ಹೆಸರಾಂತ ಕೆತ್ತನೆಗಾರರ ಮೂಲಕ ಮೊದಲ ಕೆಲಸ ಸಿಕ್ಕಿತು. 'ವನ್ಸ್ ಎ ವೀಕ್' ಪತ್ರಿಕೆಯಲ್ಲಿ ಚಿತ್ರಗಳು ಬಂದವು. 1869ರ ಡಿಸೆಂಬರ್ 4ರಂದು 'ದಿ ಗ್ರಾಫಿಕ್' ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಿತ್ತು. ಅದರ ಸಂಸ್ಥಾಪಕ ವಿಲಿಯಂ ಲೂಸನ್ ಥಾಮಸ್ ಸ್ವತಃ ಮರದ ಕೆತ್ತನೆಯ ಕಸುಬಿನಿಂದ ಬಂದವರು. 1842ರಿಂದ ನಡೆಯುತ್ತಿದ್ದ 'ಇಲಸ್ಟ್ರೇಟೆಡ್ ಲಂಡನ್ ನ್ಯೂಸ್'ಗೆ ಎದುರಾಗಿ ನಿಲ್ಲಬೇಕಾದರೆ ಒಳ್ಳೆಯ ಕಲಾವಿದರು ಬೇಕು, ಅವರ ಕೈಚಳಕ ಅಚ್ಚಿನಲ್ಲೂ ಉಳಿಯಬೇಕು ಎಂಬ ಹಟ ಅವರದು. 1870ರಲ್ಲಿ ಹೆಲೆನ್ ಅಲ್ಲಿ ಸಂಬಳದ ಚಿತ್ರಕಾರ್ತಿಯಾದರು. ಆ ಬಳಗದಲ್ಲಿ ಹೆಂಗಸು ಅವರೊಬ್ಬರೇ.

ಆ ಕೆಲಸ ಹೇಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಫೋಟೋವನ್ನು ಪತ್ರಿಕೆಯ ಪುಟದಲ್ಲಿ ನೇರವಾಗಿ ಅಚ್ಚು ಮಾಡುವ ವಿದ್ಯೆ ಆಗ ಇರಲಿಲ್ಲ. ಚಿತ್ರ ಬೇಕೆಂದರೆ ಅದನ್ನು ಮರದಲ್ಲಿ ಕೆತ್ತಬೇಕು. ಬಾಕ್ಸ್‌ವುಡ್ ಎಂಬ ಬಲು ಗಟ್ಟಿಯಾದ ಮರವನ್ನು ಅಡ್ಡಕ್ಕೆ ಕೊಯ್ದು, ಮೇಲ್ಮೈಯನ್ನು ಕನ್ನಡಿಯ ಹಾಗೆ ನುಣುಪು ಮಾಡಿ, ತೆಳ್ಳಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಅದರ ಮೇಲೆ ಕಲಾವಿದ ಎಡಬಲ ಅದಲುಬದಲಾಗಿಯೇ ಚಿತ್ರ ಬರೆಯಬೇಕು. ಕೆತ್ತನೆಗಾರ ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನೆಲ್ಲ ಉಳಿಯಿಂದ ತೆಗೆಯುತ್ತಿದ್ದ. ಅಚ್ಚಿನ ಮೊಳೆಗಳಷ್ಟೇ ಎತ್ತರದ ಆ ತುಂಡನ್ನು ಅಕ್ಷರಗಳ ಜೊತೆಯಲ್ಲೇ ಜೋಡಿಸಿ ಮುದ್ರಿಸುತ್ತಿದ್ದರು. ಬಾಕ್ಸ್‌ವುಡ್ ಮರ ದಪ್ಪಗೆ ಬೆಳೆಯುವುದಿಲ್ಲ. ಹಾಗಾಗಿ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟು ಹಾಕಿ ಕೂಡಿಸುವುದು, ಚಿತ್ರ ಬರೆದಾದ ಮೇಲೆ ಬಿಚ್ಚಿ ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ತುಂಡು ಕೊಡುವುದು, ರಾತ್ರಿಯೆಲ್ಲ ಕೆತ್ತಿಸಿ ಬೆಳಗ್ಗೆ ಮತ್ತೆ ಜೋಡಿಸುವುದು. ಕೂಡಿಸಿದ ಜಾಗದಲ್ಲಿ ಗೆರೆ ತಪ್ಪದಂತೆ ನೋಡಿಕೊಳ್ಳಲು ಹಿರಿಯ ಕೆತ್ತನೆಗಾರನೇ ಬೇಕು. ಹೀಗೆ ಕೆತ್ತುವಾಗ ಕಲಾವಿದ ಕೈಯಾರೆ ಬರೆದ ಚಿತ್ರ ಉಳಿಯುತ್ತಲೇ ಇರಲಿಲ್ಲ. 1860ರ ದಶಕದಿಂದ ಕಾಗದದ ಚಿತ್ರವನ್ನು ಮರದ ಮೇಲೆ ಫೋಟೋ ಮೂಲಕ ಇಳಿಸುವ ವಿಧಾನ ಬಂತು, ಆಗ ಮೂಲ ಉಳಿಯತೊಡಗಿತು.

ಈ ಗರಡಿಯಲ್ಲಿ ಪಳಗಿದ ಕೈಗೆ ಒಂದು ಗುಣ ಬರುತ್ತದೆ: ಸುಮ್ಮನೆ ಗೆರೆ ಎಳೆಯುವುದಿಲ್ಲ. ಮಬ್ಬಾಗಿ ಬರೆದದ್ದನ್ನು ಕೆತ್ತನೆಗಾರ ತನಗೆ ತೋಚಿದಂತೆ ಅರ್ಥ ಮಾಡಿಕೊಂಡು ಕೆಡಿಸುತ್ತಾನೆ. ಹೆಂಚು ಅಂದರೆ ಹೆಂಚು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿದ್ದೇ ಬರೆಯಬೇಕು. ಜೊತೆಗೆ ವಾರದ ಗಡುವು, ಸ್ಥಳಕ್ಕೆ ಹೋಗಿ ನೋಡಿಕೊಂಡು ಬರುವ ಅಭ್ಯಾಸ. ವಿನ್ಸೆಂಟ್ ವ್ಯಾನ್ ಗೋ ಈ ಪತ್ರಿಕೆಯ ಚಿತ್ರಗಳನ್ನು ಎಷ್ಟು ಗೌರವಿಸುತ್ತಿದ್ದ ಎಂದರೆ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲೂ 1883ರಲ್ಲಿ 'ಗ್ರಾಫಿಕ್'ನ 21 ಹಳೆಯ ಸಂಪುಟಗಳನ್ನು ಕೊಂಡುಕೊಂಡ. ಪತ್ರಿಕಾ ಚಿತ್ರ ಎಂದರೆ ಎರಡನೇ ದರ್ಜೆ ಎಂಬ ತಾತ್ಸಾರ ಆತನಿಗಿರಲಿಲ್ಲ.

1874 ಹೆಲೆನ್‌ರ ಬದುಕು ಮಗ್ಗುಲು ಬದಲಿಸಿದ ವರ್ಷ. ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿಯ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಕಾದಂಬರಿ ಆ ಜನವರಿಯಿಂದ ಡಿಸೆಂಬರಿನವರೆಗೆ 'ಕಾರ್ನ್‌ಹಿಲ್' ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮೊದಮೊದಲು ಲೇಖಕನ ಹೆಸರೇ ಇರಲಿಲ್ಲ. ಓದುಗರಲ್ಲಿ ಕೆಲವರು ಇದು ಆಗಿನ ಹೆಸರಾಂತ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ ಬರೆದದ್ದಿರಬೇಕು ಎಂದು ಊಹಿಸಿದರು. ತಿಂಗಳಿಗೊಂದರಂತೆ ಹನ್ನೆರಡು ಪೂರ್ಣಪುಟದ ಚಿತ್ರಗಳು ಹೆಲೆನ್‌ರವು. ಹಳ್ಳಿಯ ಜನರನ್ನು ಪೆದ್ದರಂತೆ, ಒರಟರಂತೆ ಬರೆಯಬಾರದು, ಬುದ್ಧಿವಂತರಾಗಿ ಕಾಣಬೇಕು ಎಂದು ಹಾರ್ಡಿ ಪ್ರಕಾಶಕರನ್ನು ಮೊದಲೇ ಕೋರಿದ್ದ. ರೈತರ ಉಡುಪು, ಸಲಕರಣೆಗಳ ಗೀಟುಚಿತ್ರಗಳನ್ನು ಕಳಿಸಿಕೊಡಲೂ ಸಿದ್ಧನಿದ್ದ. ಕಾರ್ನ್‌ವಾಲಿನಿಂದ ಊರಿಗೆ ಮರಳುವಾಗ ಪ್ಲಿಮತ್ ರೈಲು ನಿಲ್ದಾಣದಲ್ಲಿ ಸಂಚಿಕೆ ಕೊಂಡು ಬಿಚ್ಚಿದರೆ ಮೊದಲ ಜಾಗದಲ್ಲೇ ತನ್ನ ಕಥೆ, ಜೊತೆಗೊಂದು ಕಣ್ಸೆಳೆಯುವ ಚಿತ್ರ. ಬರೆದವರು ಹೆಂಗಸು ಎಂದು ತಿಳಿದಾಗ ಆತನಿಗೆ ಆಶ್ಚರ್ಯವಾಯಿತು.

ಆ ಮೊದಲ ಚಿತ್ರವನ್ನು ನೀವೂ ನೋಡಬೇಕು. ಕುರುಬ ಗೇಬ್ರಿಯಲ್ ಓಕ್ ಮುಚ್ಚಿದ ಗುಡಿಸಲಲ್ಲಿ ಹೊಗೆಯಿಂದ ಉಸಿರುಕಟ್ಟಿ ಬಿದ್ದಿದ್ದಾನೆ. ಕಥಾನಾಯಕಿ ಬ್ಯಾತ್‌ಶೀಬಾ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೊರಳ ಬಟ್ಟೆಯನ್ನು ಸಡಿಲಿಸುತ್ತಿದ್ದಾಳೆ. ಇಡೀ ಕಾದಂಬರಿಯ ಸಂಬಂಧ ಆ ಎರಡು ಕೈಗಳಲ್ಲಿದೆ. ಕಥೆ ಗೊತ್ತಿಲ್ಲದವರಿಗೂ ಇಲ್ಲಿ ಯಾರು ಯಾರನ್ನು ಕಾಪಾಡುತ್ತಿದ್ದಾರೆ, ಯಾರ ಸಂಕೋಚ ಎಷ್ಟು ಎಂದು ತಿಳಿಯುತ್ತದೆ. ಮುಂದೆ ಹಾರ್ಡಿಯ ಎಷ್ಟೋ ಕಥೆಗಳಿಗೆ ಬೇರೆ ಕಲಾವಿದರು ಚಿತ್ರ ಬರೆದರು. ತನಗೆ ಸಿಕ್ಕವರಲ್ಲಿ ಆಕೆಯೇ ಅತ್ಯುತ್ತಮ ಎಂದು ಆತ 1906ರಲ್ಲಿ ಗೆಳೆಯ ಎಡ್ಮಂಡ್ ಗಾಸ್‌ಗೆ ಬರೆದ. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇದೆ. 1874ರ ಆಗಸ್ಟಿನಲ್ಲಿ ಆಕೆಯ ಮದುವೆ, ಸೆಪ್ಟೆಂಬರಿನಲ್ಲಿ ತನ್ನ ಮದುವೆ. ದೇವರು ಎಡವಟ್ಟು ಮಾಡದಿದ್ದರೆ ಅವೆರಡೂ ಒಂದೇ ಮದುವೆ ಆಗಬಹುದಿತ್ತು ಎಂದು. 1922ರಲ್ಲಿ ಅಚ್ಚಾದ ಅವನ ಕವನವೊಂದರ ತಲೆಬರಹದ ಕೆಳಗೆ ಎಚ್. ಪಿ. ಅವರಿಗೆ ಎಂದಿದೆ. ಅದು ಹೆಲೆನ್ ಪ್ಯಾಟರ್ಸನ್.

ಹೆಲೆನ್ ಮದುವೆಯಾದದ್ದು ಐರಿಷ್ ಕವಿ ವಿಲಿಯಂ ಅಲಿಂಗ್‌ಹ್ಯಾಮ್‌ರನ್ನು. ಆತನಿಗೆ 50, ಈಕೆಗೆ 26 ತುಂಬುವುದರಲ್ಲಿತ್ತು. ಸುಂಕದ ಇಲಾಖೆಯಲ್ಲಿ ದುಡಿದು ಬಿಟ್ಟು ಬಂದು, 'ಫ್ರೇಸರ್ಸ್ ಮ್ಯಾಗಜೀನ್' ಸಂಪಾದಕರಾಗಿದ್ದವರು. ಕವಿ ಟೆನಿಸನ್, ಚಿಂತಕ ಹಾಗೂ ಇತಿಹಾಸಕಾರ ಕಾರ್ಲೈಲ್ ಅವರ ಆಪ್ತರು. ಲಂಡನ್ನಿನ ಚೆಲ್ಸಿಯಲ್ಲಿ ಕಾರ್ಲೈಲ್ ಮನೆಗೆ ಹತ್ತಿರವೇ ಮನೆ ಮಾಡಿದರು. ಮುದುಕ ಕಾರ್ಲೈಲ್‌ರನ್ನು ಎದುರು ಕೂರಿಸಿಕೊಂಡು ಹೆಲೆನ್ ಹಲವು ಜಲವರ್ಣ ಭಾವಚಿತ್ರಗಳನ್ನು ಬರೆದರು. ಮದುವೆಯ ನಂತರ ಪತ್ರಿಕೆಗಳ ಗಡುವಿನ ಕೆಲಸವನ್ನು ಹೆಚ್ಚು ಕಡಿಮೆ ಬಿಟ್ಟೇಬಿಟ್ಟರು. ಆದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿದರು ಎಂದುಕೊಳ್ಳಬೇಡಿ. 1875ರ 'ಯಂಗ್ ಕಸ್ಟಮರ್ಸ್' ಅವರಿಗೆ ಹೆಸರು ತಂದ ಜಲವರ್ಣ. ಅಂಗಡಿಯಲ್ಲಿ ಆಟಿಕೆ ಕೊಳ್ಳುವ ಪುಟಾಣಿಗಳ ಆ ಚಿತ್ರ, ಜೂಲಿಯಾನಾ ಯೂಯಿಂಗ್ ಎಂಬ ಲೇಖಕಿಯ ಮಕ್ಕಳ ಕಥೆಗೆ ಹಿಂದೆ ತಾವೇ ಬರೆದಿದ್ದ ಕಪ್ಪುಬಿಳುಪು ಚಿತ್ರದಿಂದಲೇ ಬೆಳೆದದ್ದು. ವಿಮರ್ಶಕ ಜಾನ್ ರಸ್ಕಿನ್ ಅದನ್ನು ನೋಡಿ ಗೇನ್ಸ್‌ಬರೋನಂಥ ಮಹಾ ಕಲಾವಿದನ ಹೆಸರೆತ್ತಿ ಹೊಗಳಿದರು. ಅದೇ ವರ್ಷ ಜಲವರ್ಣ ಕಲಾವಿದರ ಹಳೆಯ ಸಂಘ ಆಕೆಯನ್ನು ಸಹಸದಸ್ಯೆಯನ್ನಾಗಿ ತೆಗೆದುಕೊಂಡಿತು. ಪೂರ್ಣ ಸದಸ್ಯತ್ವ ಸಿಗಲು 1890ರವರೆಗೆ ಕಾಯಬೇಕಾಯಿತು. ಆ ಸಂಘದಲ್ಲಿ ಅದು ಸಿಕ್ಕ ಮೊದಲ ಮಹಿಳೆ ಅವರೇ.

ಈಗ ನಿಮ್ಮ ಹಾಳೆಯ ಮನೆಗೆ ಬರೋಣ. 1881ರಲ್ಲಿ ಅಲಿಂಗ್‌ಹ್ಯಾಮ್ ದಂಪತಿ ಮಕ್ಕಳೊಡನೆ ಸರ್ರೆ ಸೀಮೆಯ ವಿಟ್ಲಿ ಹತ್ತಿರದ ಸ್ಯಾಂಡ್‌ಹಿಲ್ಸ್‌ಗೆ ಬಂದರು. ಸುತ್ತಲೂ ನೂರಾರು ವರ್ಷ ಹಳೆಯ ಮನೆಗಳು. ಮರದ ಚೌಕಟ್ಟು, ನಡುವೆ ಇಟ್ಟಿಗೆ ಅಥವಾ ಮಣ್ಣಿನ ತುಂಬುವಿಕೆ, ಮೇಲಂತಸ್ತಿನ ಹೊರಗೋಡೆಗೆ ಮಳೆ ತಡೆಯಲು ಸಾಲುಸಾಲಾಗಿ ತೂಗುಹಾಕಿದ ಕೈಹೆಂಚು, ಮಾಡಿಗೆ ಹೆಂಚು ಇಲ್ಲವೇ ಗೋಧಿಹುಲ್ಲಿನ ಹೊದಿಕೆ. 1859ರಲ್ಲಿ ಪೋರ್ಟ್ಸ್‌ಮತ್ ಕಡೆಯ ರೈಲು ಹಾದಿ ವಿಟ್ಲಿಯ ಮೂಲಕ ತೆರೆದ ಮೇಲೆ ಲಂಡನ್ನಿನ ಉಳ್ಳವರು ಈ ಕಡೆಗೆ ಬರತೊಡಗಿದ್ದರು. ಹಳೆಯ ಮನೆ ಕೊಂಡು ಕೆಡವಿ ಹೊಸದು ಕಟ್ಟುವವರು ಕೆಲವರು. ದುರಸ್ತಿಯ ಹೆಸರಿನಲ್ಲಿ ಹುಲ್ಲು ಕಿತ್ತು ಸ್ಲೇಟು ಹೊದಿಸಿ, ಸಣ್ಣ ಗಾಜಿನ ಜಾಲರಿ ಕಿಟಕಿ ತೆಗೆದು ದೊಡ್ಡ ಗಾಜು ಕೂರಿಸುವವರು ಇನ್ನು ಕೆಲವರು. 1886ರಲ್ಲಿ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯಲ್ಲಿ ಹೆಲೆನ್‌ರ ಸರ್ರೆ ಮನೆಗಳ ಪ್ರದರ್ಶನ ನಡೆಯಿತು. ಅದರ ಪಟ್ಟಿಗೆ ಮುನ್ನುಡಿ ಬರೆದ ವಿಲಿಯಂ, ಈ ಚಿತ್ರಗಳನ್ನು ಬರೆದು ವರ್ಷಗಳಲ್ಲ, ತಿಂಗಳುಗಳು ಕಳೆದಿವೆ, ಅಷ್ಟರಲ್ಲೇ ಇವುಗಳಲ್ಲಿ ಹಲವು ಮನೆಗಳು ರೂಪುಗೆಟ್ಟಿವೆ, ಕೆಲವು ನೆಲಸಮವಾಗಿವೆ ಎಂದು ನೋವಿನಿಂದ ಹೇಳಿಕೊಂಡರು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದು 1877ರಲ್ಲಿ. ಆ ಕಾಳಜಿ ಹೆಚ್ಚಾಗಿ ಚರ್ಚು, ಅರಮನೆಗಳ ಸುತ್ತ ಇದ್ದಾಗ ಕೂಲಿಯವನ ಮನೆಯ ಹೊಗೆಗೂಡನ್ನೂ ದಾಖಲಿಸಬೇಕು ಎಂದು ಬಿಸಿಲಲ್ಲಿ ಕೂತು ಬರೆದವರು ಹೆಲೆನ್.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹೌದು, ಇದ್ದವು. ಆಕೆ ಊಹಿಸಿ ಬರೆಯುತ್ತಿರಲಿಲ್ಲ, ಆ ಮನೆಯ ಎದುರೇ ಕೂತು ಬರೆಯುತ್ತಿದ್ದರು. ಚಿತ್ರದಲ್ಲಿ ಮಾಡಿನ ಬೆನ್ನು ಎಲ್ಲಿ ಕುಸಿದಿದೆ, ಹೆಂಚು ಎಲ್ಲಿ ಹೊಸದು, ಗೋಡೆಯ ತೊಲೆ ಎಲ್ಲಿ ವಾಲಿದೆ ಎಂಬುದೆಲ್ಲ ಓದಲು ಸಿಗುತ್ತದೆ. ಅವರ ವಿಧಾನವೂ ಇದಕ್ಕೆ ತಕ್ಕದ್ದು. ವಿಟ್ಲಿಯಲ್ಲೇ ಇದ್ದ ಜನಪ್ರಿಯ ಜಲವರ್ಣ ಕಲಾವಿದ ಬರ್ಕೆಟ್ ಫಾಸ್ಟರ್ ಬಿಳಿ ಬೆರೆಸಿದ ದಪ್ಪ ಬಣ್ಣವನ್ನು ಧಾರಾಳವಾಗಿ ಬಳಸುತ್ತಿದ್ದರು. ಹೆಲೆನ್ ಪಾರದರ್ಶಕ ಬಣ್ಣವನ್ನೇ ನೆಚ್ಚಿದರು. ಬೆಳಕು ಬೇಕಾದಲ್ಲಿ ಬಿಳಿ ಹಚ್ಚುವ ಬದಲು, ಒಣಗಿದ ಬಣ್ಣವನ್ನು ಚಾಕುವಿನ ಮೊನೆಯಿಂದ ಕೆರೆದು ಅಥವಾ ಒದ್ದೆ ಸ್ಪಂಜಿನಿಂದ ಎತ್ತಿ ಕಾಗದದ ಬಿಳುಪನ್ನೇ ಹೊರತರುತ್ತಿದ್ದರು. ಬೇಲಿಯ ಹೂವಿನ ಎಸಳು, ಬೆಕ್ಕಿನ ಮೀಸೆ, ಒಣಹಾಕಿದ ಬಟ್ಟೆಯ ಅಂಚು ಹೀಗೆ ಮೂಡಿದವು. ಕೆರೆದು ತೆಗೆದು ಬೆಳಕನ್ನು ಪಡೆಯುವುದು ಮರದ ಕೆತ್ತನೆಯ ಮೂಲ ಪಾಠ. ಆ ಪಾಠ ಕುಂಚಕ್ಕೂ ಬಂತು ಎಂದು ನಾನು ನಂಬುತ್ತೇನೆ.

ಆದರೆ ಅವರು ಬರೆದದ್ದೆಲ್ಲ ಕಂಡದ್ದೇ ಎಂದರೂ ತಪ್ಪಾಗುತ್ತದೆ. ಹೊಸ ಗಾಜಿನ ಕಿಟಕಿ ಬಂದುಬಿಟ್ಟ ಮನೆಗೆ, ಅದೇ ಸೀಮೆಯ ಬೇರೆ ಮನೆಗಳಲ್ಲಿ ಕಂಡಿದ್ದ ಹಳೆಯ ಜಾಲರಿ ಕಿಟಕಿಯನ್ನು ಮರಳಿ ಇಟ್ಟದ್ದುಂಟು. ಹೆಂಗಸರು ತೊಟ್ಟಿರುವ ಬಿಸಿಲು ಕುಲಾವಿ ಆ ಹೊತ್ತಿಗೇ ಹಳೆಯ ಕಾಲದ್ದಾಗುತ್ತಿತ್ತು. ಇದಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿದೆ. 1870ರ ದಶಕದ ಕೊನೆಯಿಂದ ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತ್ತು. ಸಾಲುಸಾಲು ಕೆಟ್ಟ ಬೆಳೆ, ಅಮೆರಿಕದಿಂದ ಬಂದಿಳಿಯುವ ಅಗ್ಗದ ಗೋಧಿ, ಕೂಲಿಯಿಲ್ಲದೆ ಪಟ್ಟಣ ಸೇರುವ ಜನ. ಈ ಚೆಂದದ ಮನೆಗಳ ಒಳಗೆ ತೇವ, ಇಕ್ಕಟ್ಟು, ಮಕ್ಕಳ ಕೆಮ್ಮು ಇತ್ತು. ಹೆಲೆನ್‌ಗೆ ಬಡತನ ಗೊತ್ತಿರಲಿಲ್ಲ ಎನ್ನುವಂತಿಲ್ಲ. 'ಗ್ರಾಫಿಕ್'ನ ಮೊದಲ ಸಂಚಿಕೆಯಲ್ಲೇ ಲ್ಯೂಕ್ ಫೈಲ್ಡ್ಸ್, ಚಳಿಯಲ್ಲಿ ರಾತ್ರಿ ಆಸರೆಗಾಗಿ ಸಾಲುಗಟ್ಟಿದ ನಿರ್ಗತಿಕರ ಚಿತ್ರ ಬರೆದು ಲಂಡನ್ನನ್ನು ಕಲಕಿದ್ದರು. ಅದೇ ಬಳಗದಲ್ಲಿ ಕೆಲಸ ಮಾಡಿದ ಹೆಲೆನ್ ಆ ದಾರಿ ಹಿಡಿಯಲಿಲ್ಲ. ನನಗನಿಸುವುದು ಇಷ್ಟು: ಅವರ ಚಿತ್ರಗಳಲ್ಲಿ ಮನುಷ್ಯರಿಗಿಂತ ಮನೆಗಳು ಜೀವಂತ. ಬಾಗಿಲಲ್ಲಿ ನಿಂತ ತಾಯಿ, ಬೆಕ್ಕಿನ ಜೊತೆ ಆಡುವ ಹುಡುಗಿ ಚಿತ್ರದಿಂದ ಚಿತ್ರಕ್ಕೆ ಹೆಚ್ಚು ಬದಲಾಗುವುದಿಲ್ಲ. ಹಾರ್ಡಿಯ ಕಥೆಗೆ ಬರೆದ ಕೈಗಳಲ್ಲಿದ್ದ ಆ ಬಿಗಿ ಇಲ್ಲಿಲ್ಲ. ಗೋಡೆ, ಮಾಡು, ಹೊಗೆಗೂಡುಗಳು ಮಾತ್ರ ಒಂದರಂತೆ ಒಂದಿಲ್ಲ. ಅವುಗಳಿಗೆ ಹೆಲೆನ್ ಕೊಟ್ಟ ಗಮನ ದೊಡ್ಡದು.

ತೋಟಗಳ ವಿಷಯದಲ್ಲೂ ಹೀಗೆಯೇ. ಹೆಸರುವಾಸಿ ಉದ್ಯಾನತಜ್ಞೆ ಗರ್ಟ್ರೂಡ್ ಜೀಕಿಲ್ ಇದ್ದದ್ದು ಅದೇ ಸೀಮೆಯ ಗೊಡಾಲ್ಮಿಂಗ್ ಬಳಿಯ ಮನ್‌ಸ್ಟೆಡ್‌ನಲ್ಲಿ. ಆಕೆ ತನ್ನ ತೋಟದ ಫೋಟೋಗಳನ್ನು ತಾನೇ ತೆಗೆದಿದ್ದಾಳೆ, ಆದರೆ ಅವು ಕಪ್ಪುಬಿಳುಪು. ಬಣ್ಣಗಳ ಜೋಡಣೆಯೇ ಆಕೆಯ ಕಲೆಯ ಜೀವಾಳ. ಆ ಬಣ್ಣಗಳು ಸಾಲಿನಲ್ಲಿ ಹೇಗೆ ಹಬ್ಬಿದ್ದವು ಎಂದು ಕಣ್ಣಾರೆ ಕಾಣಬೇಕಾದರೆ ಹೆಲೆನ್‌ರ ಜಲವರ್ಣಗಳನ್ನೇ ನೋಡಬೇಕು.

1888ರಲ್ಲಿ ಕುಟುಂಬ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ಗೆ ಬಂತು. ಮರುವರ್ಷವೇ ವಿಲಿಯಂ ತೀರಿಕೊಂಡರು. ಮೂವರು ಮಕ್ಕಳು, ಕಿರಿಯವನಿಗೆ ಏಳರ ಸುಮಾರು. ಅಲ್ಲಿಂದ ಮುಂದಕ್ಕೆ ಮನೆ ನಡೆದದ್ದು ಆಕೆಯ ಕುಂಚದಿಂದ. ಒಂದೇ ಬಗೆಯ ಚಿತ್ರಗಳನ್ನು ಅಷ್ಟೊಂದು ಏಕೆ ಬರೆದರು ಎಂದು ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಳ್ಳುವವರು ಕೇಳುತ್ತಿದ್ದದ್ದು ಮನೆ ಮತ್ತು ಹೂದೋಟ. ಮಕ್ಕಳ ಪುಸ್ತಕಗಳಿಂದ ಮನೆಮಾತಾಗಿದ್ದ ಕೇಟ್ ಗ್ರೀನವೇ ಹಳೆಯ ಸಹಪಾಠಿ, ಹ್ಯಾಂಪ್‌ಸ್ಟೆಡ್‌ನಲ್ಲಿ ನೆರೆಯವಳು. ಇಬ್ಬರೂ ಕೂಡಿ ಹೊರಗೆ ಚಿತ್ರ ಬರೆಯಲು ಹೋಗುತ್ತಿದ್ದರು. 1883ರಲ್ಲೇ ರಸ್ಕಿನ್ ಆಕ್ಸ್‌ಫರ್ಡಿನಲ್ಲಿ ಈ ಇಬ್ಬರನ್ನೇ ಒಟ್ಟಿಗಿಟ್ಟು ಒಂದು ಉಪನ್ಯಾಸ ಕೊಟ್ಟಿದ್ದರು. ಆ ಮೆಚ್ಚುಗೆಯಿಂದ ಕೆಡುಕೂ ಆಯಿತು. ಹೆಲೆನ್ ಎಂದರೆ ಮುದ್ದು ಮಕ್ಕಳು, ಮುದ್ದು ಮನೆಗಳು ಎಂಬ ಮಾತು ಅಂಟಿಕೊಂಡಿತು, ಮೊದಲ ಮಹಾಯುದ್ಧದ ನಂತರದ ಅಭಿರುಚಿಗೆ ಅದೇ ಅವರನ್ನು ಬದಿಗೆ ಸರಿಸಲು ನೆಪವಾಯಿತು. ಆದರೂ ಕೊನೆಯವರೆಗೆ ಬರೆಯುತ್ತಲೇ ಇದ್ದರು. 1926ರ ಸೆಪ್ಟೆಂಬರ್ 28ರಂದು, ತಾವು ಎಷ್ಟೋ ಸಲ ಚಿತ್ರಿಸಿದ್ದ ಸೀಮೆಯಲ್ಲೇ, ಹ್ಯಾಸಲ್‌ಮಿಯರ್‌ನಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಹಾಳೆ. ಪುಸ್ತಕಗಳ ನಡುವೆ ಸಿಕ್ಕಿದ್ದು ಎಂದಿದ್ದೀರಿ, ಹಾಗಾಗಿ ಅದು 1903ರಲ್ಲಿ ಲಂಡನ್ನಿನ ಎ. ಆ್ಯಂಡ್ ಸಿ. ಬ್ಲ್ಯಾಕ್ ಪ್ರಕಟಿಸಿದ 'ಹ್ಯಾಪಿ ಇಂಗ್ಲೆಂಡ್' ಪುಸ್ತಕದ್ದೋ, 1909ರ 'ದ ಕಾಟೇಜ್ ಹೋಮ್ಸ್ ಆಫ್ ಇಂಗ್ಲೆಂಡ್' ಪುಸ್ತಕದ್ದೋ ಇರುವ ಸಾಧ್ಯತೆಯೇ ಹೆಚ್ಚು. ಮೊದಲನೆಯದಕ್ಕೆ ಮಾರ್ಕಸ್ ಹ್ಯೂಯಿಶ್ ಬರವಣಿಗೆ, ಎರಡನೆಯದಕ್ಕೆ ಸ್ಟೂವರ್ಟ್ ಡಿಕ್. ಪರೀಕ್ಷೆ ಸುಲಭ. ಗಡಿಯಾರ ರಿಪೇರಿಯವರ ಬಳಿ ಇರುವಂಥ ಭೂತಗನ್ನಡಿಯಿಂದ ಆಕಾಶದ ಭಾಗವನ್ನು ನೋಡಿ. ಕೆಂಪು, ಹಳದಿ, ನೀಲಿಯ ಸಣ್ಣ ಚುಕ್ಕಿಗಳು ಸಾಲಾಗಿ ಕಂಡರೆ ಅದು ಮೂರು ಬಣ್ಣದ ಮುದ್ರಣ, ಪುಸ್ತಕದ ಪುಟ. ಕಾಗದ ನುಣ್ಣಗೆ ಹೊಳೆಯುತ್ತಿದ್ದರೂ ಅದೇ ಅರ್ಥ. ಚುಕ್ಕಿಗಳಿಲ್ಲದೆ ಬಣ್ಣ ಕಾಗದದ ಒರಟಿನೊಳಗೆ ಇಳಿದಿದ್ದು, ಬೆಳಕಿನ ಜಾಗಗಳಲ್ಲಿ ಚಾಕುವಿನಿಂದ ಕೆರೆದ ಗುರುತು ಬೆರಳಿಗೆ ಸಿಕ್ಕದಿದ್ದರೂ ಓರೆ ಬೆಳಕಿನಲ್ಲಿ ಕಂಡರೆ, ದಯವಿಟ್ಟು ಅದನ್ನು ಯಾರಿಗೂ ಕೊಡದೆ ಜಲವರ್ಣ ಬಲ್ಲ ಸಂರಕ್ಷಕರಿಗೆ ತೋರಿಸಿ. ಯಾವುದೇ ಆದರೂ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪು ಅಂಟಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆಮ್ಲವಿಲ್ಲದ (ಆ್ಯಸಿಡ್-ಫ್ರೀ) ಕಾಗದದ ನಡುವೆ ಮಟ್ಟಸವಾಗಿಡಿ. ಅಸಲಿ ಚಿತ್ರಗಳನ್ನು ನೋಡುವ ಆಸೆಯಿದ್ದರೆ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಚಿಡಿಂಗ್‌ಫೋಲ್ಡ್‌ನ ಮನೆಯ ಚಿತ್ರವಿದೆ, ಹ್ಯಾಂಪ್‌ಸ್ಟೆಡ್‌ನ ಬರ್ಗ್ ಹೌಸ್‌ನಲ್ಲಿ ಹೆಲೆನ್‌ರ ಚಿತ್ರಗಳ ಸಂಗ್ರಹವೇ ಇದೆ. ಹಾಳೆಯ ಹಿಂಬದಿಯಲ್ಲಿ ಅಥವಾ ಚಿತ್ರದ ಕೆಳಗೆ ಊರಿನ ಹೆಸರೇನಾದರೂ ಅಚ್ಚಾಗಿದ್ದರೆ ನನಗೆ ಬರೆದು ತಿಳಿಸಿ. ಯಾವ ಊರಿನ ಮನೆ ಎಂದು ಪತ್ತೆಹಚ್ಚಲು ಅದರಿಂದ ನೆರವಾಗುತ್ತದೆ.